ಗಡಿಯ ಶಾಲೆಯಲ್ಲಿ ಓದುವ ಹಬ್ಬ: ನನ್ನ ಅನುಭವ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತೆಲುಗು. ಮನೆಯಲ್ಲಿ, ಹೊಲದಲ್ಲಿ, ಹಾಲಿನ ಡೈರಿಯ ಮುಂದೆ ಎಲ್ಲವೂ ತೆಲುಗಿನಲ್ಲೇ ನಡೆಯುವುದರಿಂದ, ಆರು ವರ್ಷದ ಮಗುವಿಗೆ ಕನ್ನಡ ನಿಜವಾಗಿ ಎದುರಾಗುವುದು ಶಾಲೆಯ ಗೇಟಿನ ಒಳಗೆ. ಹೀಗಾಗಿ ಮೂರನೆಯ ತರಗತಿಯ ಹೊತ್ತಿಗೆ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕಲಿತು, ಸಾಲಿನ ಕೆಳಗೆ ಬೆರಳಿಟ್ಟು ಒಂದು ಪುಟವನ್ನು ತಪ್ಪಿಲ್ಲದೆ ಓದಿ ಮುಗಿಸುವ ಮಗು, ಆ ಪುಟದಲ್ಲಿ ಏನು ನಡೆಯಿತು ಎಂದು ಕೇಳಿದರೆ ಮಾತಿಲ್ಲದೆ ನಿಲ್ಲುವುದುಂಟು. ನವೆಂಬರ್ 14ರ ಮಕ್ಕಳ ದಿನಾಚರಣೆಯ ವಾರವನ್ನು ಓದುವ ಹಬ್ಬವನ್ನಾಗಿ ಮಾಡಬೇಕೆಂದು ನಾವು ಹೊರಟದ್ದು ಮುಖ್ಯವಾಗಿ ಈ ಮಕ್ಕಳಿಗಾಗಿ.

ಮೊದಲ ಸಭೆಯಲ್ಲೇ ಓದುವ ಸ್ಪರ್ಧೆ ಬೇಡವೆಂದು ನಾನು ಹಟ ಹಿಡಿದೆ. ಸ್ಪರ್ಧೆ ಇಟ್ಟರೆ ಪ್ರತಿ ವರ್ಷವೂ ಚೆನ್ನಾಗಿ ಓದಬಲ್ಲ ಅದೇ ಕೆಲವು ಮಕ್ಕಳು ವೇದಿಕೆ ಹತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಅದರ ಬದಲು ಪ್ರತಿ ಚಟುವಟಿಕೆಯೂ ಎರಡರಲ್ಲಿ ಒಂದು ಷರತ್ತನ್ನಾದರೂ ಪೂರೈಸಬೇಕೆಂದು ಗೊತ್ತುಮಾಡಿಕೊಂಡೆವು: ಓದಿದ್ದನ್ನು ಕೇಳಲು ಯಾರಾದರೂ ಕಾದು ಕುಳಿತಿರಬೇಕು, ಇಲ್ಲವೇ ಓದಿ ಅರ್ಥ ಮಾಡಿಕೊಳ್ಳದೆ ಆಟ ಮುಂದುವರಿಯಬಾರದು.

ಬೀರುವಿನಲ್ಲಿದ್ದ ಪುಸ್ತಕಗಳನ್ನು ಹೊರಗೆ ತಂದದ್ದು ಮೊದಲ ಕೆಲಸ. ಸಣ್ಣ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕುವ ಚಪ್ಪರ ಇದ್ದೇ ಇರುತ್ತದೆ. ಅದೇ ರೀತಿ ಹಜಾರದ ಉದ್ದಕ್ಕೂ ಮಗುವಿನ ಎದೆಯ ಎತ್ತರಕ್ಕೆ ದಾರ ಕಟ್ಟಿ, ತೆಳುವಾದ ಕಥೆಪುಸ್ತಕಗಳನ್ನು ಮುಖಪುಟ ಕಾಣುವಂತೆ ನೇತುಹಾಕಿದೆವು. ಸಣ್ಣ ಮಕ್ಕಳು ಪುಸ್ತಕವನ್ನು ಆರಿಸುವುದು ಚಿತ್ರ ನೋಡಿ. ಬೆನ್ನು ಮಾತ್ರ ಕಾಣುವಂತೆ ಒತ್ತಾಗಿ ಜೋಡಿಸಿದ ಬೀರುವಿನ ಮುಂದೆ ಅವರಿಗೆ ಆಯ್ಕೆಯೇ ಇರುವುದಿಲ್ಲ.

ಮಕ್ಕಳು ಅತಿ ಹೆಚ್ಚು ಓಡಾಡಿದ್ದು ನಿಧಿ ಹುಡುಕುವ ಆಟದಲ್ಲಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಚೀಟಿ. ಅದನ್ನು ಓದಿ, ಅದು ಹೇಳಿದ ಜಾಗಕ್ಕೆ ಹೋದರೆ ಮುಂದಿನ ಚೀಟಿ ಸಿಗುತ್ತದೆ. ಒಂದು ಚೀಟಿಯಲ್ಲಿ ಹೀಗೆ ಬರೆದಿದ್ದೆ: 'ನೀರಿನ ಟ್ಯಾಂಕಿನ ಹಿಂದೆ ಹೊಂಗೆ ಮರವಿದೆ. ಅದರ ಬುಡದಲ್ಲಿ ಮೂರು ಕಲ್ಲುಗಳಿವೆ. ನಡುವಿನ ಕಲ್ಲನ್ನು ಮಾತ್ರ ಎತ್ತಿರಿ.' ಒಂದು ಗುಂಪಿನ ಹುಡುಗರು ಹೊಂಗೆ ಮರ ಎಂಬಲ್ಲಿಗೇ ಓದು ನಿಲ್ಲಿಸಿ ಓಡಿದರು, ಅಂಚಿನ ಕಲ್ಲನ್ನು ಎತ್ತಿ ನೋಡಿ ಏನೂ ಇಲ್ಲವೆಂದು ವಾಪಸು ಬಂದರು. ನಾನು ಏನನ್ನೂ ಹೇಳದೆ ಚೀಟಿಯನ್ನು ತೋರಿಸಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಕೊನೆಯ ಸಾಲನ್ನು ಎರಡು ಸಲ ಮೆಲ್ಲಗೆ ಓದಿ, ಉಳಿದವರಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿ, ತಾನೇ ಮುಂದೆ ನಡೆದಳು. ಸಾಲನ್ನು ಕೊನೆಯವರೆಗೆ ಓದಬೇಕೆಂದು ನಾನು ತರಗತಿಯಲ್ಲಿ ಎಷ್ಟು ಹೇಳಿದ್ದರೂ ನಾಟದ ಮಾತು ಆ ಕಲ್ಲಿನ ಮುಂದೆ ಅವರಿಗೆ ನಾಟಿತು. ಈ ಆಟವನ್ನು ಮಾಡಿಸುವವರು ಗಮನಿಸಬೇಕಾದದ್ದೊಂದಿದೆ: ಸ್ಥಳದ ಹೆಸರೊಂದನ್ನು ಗುರುತಿಸಿದರೆ ಸಾಕಾಗುವಂತಹ ಚೀಟಿ ಬರೆಯಬಾರದು. ಹಿಂದೆ, ನಡುವೆ, ಎಡಕ್ಕೆ, ಮಾತ್ರ ಎಂಬಂತಹ ಪದಗಳ ಮೇಲೆ ಉತ್ತರ ನಿಂತಿರಬೇಕು.

ಅಡುಗೆಯವರ ಸಹಾಯದಿಂದ ಕೋಸಂಬರಿ ಮಾಡಿದ ದಿನವೂ ಇದೇ ತತ್ವ. ಗೋಡೆಗೆ ಅಂಟಿಸಿದ ವಿಧಾನವನ್ನು ಒಬ್ಬರು ಒಂದೊಂದು ಸಾಲಾಗಿ ಗಟ್ಟಿಯಾಗಿ ಓದಬೇಕು, ಉಳಿದವರು ಅಷ್ಟನ್ನೇ ಮಾಡಬೇಕು. ಹೆಸರುಬೇಳೆ ನೆನೆಸುವುದು ಮೊದಲ ಸಾಲಾದ್ದರಿಂದ ಆ ಒಂದು ಸಾಲನ್ನು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಓದಿಸಿದೆವು. ಬಿಸಿಯೂಟದ ಹೊತ್ತಿಗೆ ಕೋಸಂಬರಿ ಸಿದ್ಧವಾಗಿತ್ತು.

ಜೋಡಿ ಓದಿನಲ್ಲಿ ಐದನೆಯ ತರಗತಿಯ ಒಂದು ಮಗುವಿಗೆ ಒಂದನೆಯ ತರಗತಿಯ ಒಂದು ಮಗುವನ್ನು ಜೊತೆ ಮಾಡಿದೆವು. ದೊಡ್ಡ ಮಗು ಹಿಂದಿನ ದಿನವೇ ಪುಸ್ತಕ ಆರಿಸಿಕೊಂಡು ಅಭ್ಯಾಸ ಮಾಡಿಕೊಂಡು ಬರಬೇಕು. ಇದರ ಲಾಭ ಚಿಕ್ಕವರಿಗಿಂತ ದೊಡ್ಡವರಿಗೇ ಹೆಚ್ಚೆಂದು ನನಗನ್ನಿಸುತ್ತದೆ. ಐದನೆಯ ತರಗತಿಗೆ ಬಂದೂ ಓದಿನಲ್ಲಿ ಹಿಂದೆ ಉಳಿದಿರುವ ಹುಡುಗನಿಗೆ ಸಣ್ಣ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಆದರೆ ಪುಟ್ಟ ಮಗುವಿಗೆ ಓದಿ ಹೇಳುವ ಹೊಣೆ ಕೊಟ್ಟರೆ ಅದೇ ಪುಸ್ತಕವನ್ನು ಅವನು ಯಾವ ಸಂಕೋಚವೂ ಇಲ್ಲದೆ ಮತ್ತೆ ಮತ್ತೆ ಓದಿಕೊಳ್ಳುತ್ತಾನೆ.

ಹಬ್ಬದ ತಿರುಳು ಅಜ್ಜಿಯರ ಕಥೆಯಲ್ಲಿತ್ತು. ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುವ 'ಸಂಭ್ರಮ ಶನಿವಾರ'ದಂದು ಊರಿನ ಕೆಲವು ಹಿರಿಯ ಹೆಂಗಸರನ್ನು ಶಾಲೆಗೆ ಕರೆದೆವು. ಅವರು ತೆಲುಗಿನಲ್ಲಿ ಕಥೆ ಹೇಳಿದರು. ಮಕ್ಕಳು ಅದನ್ನು ಗುಂಪಾಗಿ ಕನ್ನಡದಲ್ಲಿ ಬರೆದರು. ಪುಟಕ್ಕೆ ಎರಡು ಮೂರು ಸಾಲು, ಮೇಲೊಂದು ಚಿತ್ರ, ಕೊನೆಗೆ ದಪ್ಪ ಸೂಜಿಯಲ್ಲಿ ಹೊಲಿದ ಹೊದಿಕೆ. ಯಾವ ಸಾಲು ಯಾವ ಪುಟಕ್ಕೆ ಸೇರಬೇಕು ಎಂಬ ಬಗ್ಗೆ ಅವರು ತೆಲುಗಿನಲ್ಲಿ ವಾದ ಮಾಡಿ, ಒಪ್ಪಿಗೆಯಾದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಮುಂದಿನ ವಾರ ಅದೇ ಅಜ್ಜಿಯರ ಮುಂದೆ ಪುಸ್ತಕವನ್ನು ಓದಿ ತೋರಿಸಿದರು. ಕನ್ನಡ ಆ ಹಿರಿಯರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬರು ಪೂರ್ತಿ ಕೇಳಿಸಿಕೊಂಡು, ಚಿತ್ರದ ಮೇಲೆ ಬೆರಳಿಟ್ಟು, ತಾನು ಹೇಳಿದ ಮೇಕೆ ಕಪ್ಪಗಿತ್ತು, ಇದು ಬೆಳ್ಳಗಿದೆ ಎಂದರು. ಮಕ್ಕಳು ಅಲ್ಲೇ ಕುಳಿತು ಮೇಕೆಗೆ ಬಣ್ಣ ತುಂಬಿ, ಅದು ಕಪ್ಪೆಂದು ಹೇಳುವ ಸಾಲೊಂದನ್ನೂ ಸೇರಿಸಿದರು. ಬರೆದದ್ದನ್ನು ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಅವರಿಗೆ ಎಂದೂ ಕೊಟ್ಟಿರಲಿಲ್ಲ.

ರಾಜ್ಯೋತ್ಸವದ ತಿಂಗಳಲ್ಲಿ ಶಾಲೆಯೊಳಗೆ ತೆಲುಗು ಮಾತಾಡಿಸಿದರೆ ಮಕ್ಕಳು ಕನ್ನಡ ಕಲಿಯುವುದು ಯಾವಾಗ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಥೆ ಮೊದಲೇ ಮನಸ್ಸಿನಲ್ಲಿದ್ದರೆ ಮಗು ಕನ್ನಡದ ವಾಕ್ಯವನ್ನು ಅರ್ಥವಿಟ್ಟುಕೊಂಡೇ ಓದುತ್ತದೆ, ಬರಿಯ ಅಕ್ಷರ ಕೂಡಿಸುವುದಕ್ಕೆ ನಿಲ್ಲುವುದಿಲ್ಲ ಎಂದು ಅವರಿಗೆ ವಿವರಿಸಿ, ಅವರ ಮೊಮ್ಮಗಳು ಬರೆದ ಪುಟವನ್ನು ಅವಳಿಂದಲೇ ಓದಿಸಿದೆ. ನಮ್ಮದೇ ಜಿಲ್ಲೆಯವರಾದ, 1983ರ ಜ್ಞಾನಪೀಠ ಪ್ರಶಸ್ತಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು ಎಂಬುದನ್ನೂ ನೆನಪಿಸಿದೆ. ಮನೆಯ ಮಾತು ಬೇರೆಯಾಗಿರುವುದು ಕನ್ನಡಕ್ಕೆ ಅಡ್ಡಿಯಾಗಬೇಕಿಲ್ಲ ಎಂದು ಈ ಜಿಲ್ಲೆಯ ಶಿಕ್ಷಕರು ಧೈರ್ಯವಾಗಿ ಹೇಳಬಹುದು.

ಕಥೆಯ ಪಾತ್ರಗಳ ವೇಷ ಹಾಕುವ ದಿನವನ್ನೂ ಇಟ್ಟುಕೊಂಡಿದ್ದೆವು. ಮನೆಯಲ್ಲಿರುವ ಟವೆಲ್, ಸೀರೆ, ಮೊರ, ಕೋಲುಗಳಲ್ಲೇ ವೇಷವಾಗಬೇಕು, ಹಣ ಕೊಟ್ಟು ಬಾಡಿಗೆಗೆ ತರುವಂತಿಲ್ಲ ಎಂದು ಮೊದಲೇ ತಿಳಿಸಿದೆವು. ಕೂಲಿಗೆ ಹೋಗುವ ತಾಯಿಗೆ ಶಾಲೆಯ ಹಬ್ಬ ಹೊರೆಯಾಗಬಾರದು.

ವಾರ ಮುಗಿದ ಮೇಲೆ ಉಳಿದಿರುವ ಕ್ರಮಗಳು ಎರಡು. ಮಧ್ಯಾಹ್ನ ಬಿಸಿಯೂಟಕ್ಕೆ ಏಳುವ ಮುಂಚೆ ನಾನು ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಕಥೆ ಓದುತ್ತೇನೆ. ಶನಿವಾರ ಪ್ರತಿ ಮಗುವೂ ದಾರದಿಂದ ಒಂದು ಪುಸ್ತಕ ಬಿಚ್ಚಿಕೊಂಡು, ದಾಖಲಾತಿ ಪುಸ್ತಕದಲ್ಲಿ ತಾನೇ ಹೆಸರು ಬರೆದು ಮನೆಗೆ ಒಯ್ಯುತ್ತದೆ, ಸೋಮವಾರ ತರುತ್ತದೆ. ಕೆಲವು ಹರಿದು ಬರುತ್ತವೆ. ಹರಿದದ್ದಕ್ಕೆ ದಂಡ ಹಾಕಿದರೆ ಮರು ವಾರ ತಾಯಂದಿರೇ ಪುಸ್ತಕ ಬೇಡವೆನ್ನುತ್ತಾರೆ. ಆದ್ದರಿಂದ ಅಂಟು, ಟೇಪು, ಕತ್ತರಿ ಇಟ್ಟು ಮಕ್ಕಳಿಂದಲೇ ರಿಪೇರಿ ಮಾಡಿಸುತ್ತೇವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುವುದರಿಂದ, ಶಾಲೆಯ ಪುಸ್ತಕಗಳು ಮುಗಿದವರನ್ನು ಅಲ್ಲಿಗೆ ಕಳುಹಿಸುತ್ತೇವೆ. ಅಜ್ಜಿಯರ ಕಥೆಗಳ ಒಂದೊಂದು ನೆರಳಚ್ಚು ಪ್ರತಿಯನ್ನು ಅಲ್ಲಿಯೂ ಇರಿಸಿದ್ದಾರೆ.

ಮುಂದಿನ ಹಬ್ಬಕ್ಕೆ ಅಪ್ಪಂದಿರನ್ನು ಕರೆಯುವ ಆಲೋಚನೆಯಿದೆ. ಟೊಮೆಟೊ ಸಸಿಗೆ ಕೋಲು ಕಟ್ಟುವುದು, ಮಾವಿನ ಮರದ ಕೊಂಬೆ ಸವರುವುದು, ಹಣ್ಣನ್ನು ಕ್ರೇಟಿಗೆ ತುಂಬಿ ಕೋಲಾರದ ಎಪಿಎಂಸಿಗೆ ಸಾಗಿಸುವುದು ಹೇಗೆಂದು ಅವರು ಹೇಳಬೇಕು, ಮಕ್ಕಳು ಬರೆದು ಓದಿ ತೋರಿಸಬೇಕು. ಬೆಳಗಿನ ಹೊತ್ತು ಅವರಿಗೆ ಬಿಡುವಿರುವುದಿಲ್ಲವಾದ್ದರಿಂದ ಆ ಚಟುವಟಿಕೆಯನ್ನು ಸಂಜೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ, ಶಾಲೆಯ ಅಂಗಳದಲ್ಲೇ ಇಟ್ಟುಕೊಳ್ಳಲು ಮುಖ್ಯಶಿಕ್ಷಕರು ಒಪ್ಪಿದ್ದಾರೆ.