ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟರಿಗೆ ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಏಪ್ರಿಲ್, ಮೇ ಬಂತಂದ್ರೆ ಲಗ್ನಪತ್ರಿಕೆ ಸೀಸನ್. ಮೂರು ವರ್ಷದ ಹಿಂದೆ ಅಂಥ ಗಡಿಬಿಡಿಯಲ್ಲೇ ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗೋದನ್ನ ನಿಲ್ಲಿಸಿತು. ರಿಪೇರಿಗೆ ಒಯ್ದೆ. "ಬ್ಯಾಟರಿ ಹೋಗೇತ್ರಿ ಅಕ್ಕಾರ" ಅಂದರು. 3,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಅಲ್ಲಿ ಅವರ ಚಾರ್ಜರಿಗೆ ಚೆನ್ನಾಗಿ ಚಾರ್ಜ್ ಆಯಿತು. ಅಂಗಡಿಗೆ ತಂದು ನನ್ನ ಚಾರ್ಜರ್ ಹಚ್ಚಿದರೆ ಮತ್ತೆ ಅದೇ ರಾಗ. ಕೆಟ್ಟಿದ್ದು ಚಾರ್ಜರ್ ಪಿನ್ನು! ಹಳೇ ಬ್ಯಾಟರಿ ಇದ್ದಾಗಲೇ ಬೇರೆ ಚಾರ್ಜರ್ ಹಚ್ಚಿ ನೋಡಿದ್ದರೆ ಅಷ್ಟು ದುಡ್ಡು ಉಳೀತಿತ್ತು. ಆವತ್ತಿನಿಂದ ಯಾರೇ ಕೇಳಲಿ, ಬ್ಯಾಟರಿ ಮಾತು ಕೊನೆಗೆ ಅಂತೀನಿ.

ಮೊದಲು ಎಷ್ಟಕ್ಕೆ ನಿಂತಿದೆ ನೋಡಿ. ಸರಿಯಾಗಿ 60 ಅಥವಾ 80 ಪರ್ಸೆಂಟಿಗೆ ನಿಂತಿದ್ದರೆ ಅದು ಕೆಟ್ಟಿಲ್ಲ. ಬ್ಯಾಟರಿ ಬಾಳಿಕೆ ಬರಲಿ ಅಂತ ಕಂಪನಿಯವರು ಇಟ್ಟಿರುವ ಸೆಟ್ಟಿಂಗ್ ಅದು. ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್ ಅಂತ ಇರುತ್ತೆ, ಏಸಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್. ಆಫ್ ಮಾಡಿದರೆ 100ಕ್ಕೆ ಹೋಗುತ್ತೆ. ಆದರೆ ದಿನವಿಡೀ ಚಾರ್ಜರ್ ಹಚ್ಚಿಯೇ ಕೆಲಸ ಮಾಡೋರು ಆಫ್ ಮಾಡಬೇಡಿ. ನಾನಂತೂ 80ಕ್ಕೇ ಬಿಟ್ಟಿದ್ದೇನೆ.

ಆಮೇಲೆ ಗೋಡೆಯ ಪಾಯಿಂಟ್. ಅದೇ ಪಾಯಿಂಟಿಗೆ ಮೊಬೈಲ್ ಹಚ್ಚಿ ನೋಡಿ. ಪ್ಲಗ್ ಸಡಿಲಾಗಿ ಚಿಟಿಚಿಟಿ ಅಂತಿದ್ದರೆ ಬೋರ್ಡ್ ಬದಲಿಸಿ. ನಮ್ಮಲ್ಲಿ ಕರೆಂಟ್ ಡಿಮ್ ಆಯಿತು ಅಂತ ಲ್ಯಾಪ್‌ಟಾಪಿಗೆ ಸ್ಟೆಬಿಲೈಸರ್ ತರೋರಿದ್ದಾರೆ. ಅದು ಬೇಕಿಲ್ಲ. ಚಾರ್ಜರ್ ಹಿಂದಿನ ಸಣ್ಣ ಅಕ್ಷರ ಓದಿ, 100ರಿಂದ 240 ವೋಲ್ಟ್ ಅಂತ ಬರೆದಿರುತ್ತೆ.

ಈಗ ಪಿನ್ನಿಗೆ ಬರೋಣ. ದುಂಡು ಮೂತಿಯ ಹಲವು ಚಾರ್ಜರ್‌ಗಳಲ್ಲಿ ಒಳಗೆ ನಡುವೆ ಸೂಜಿಯಂಥ ಒಂದು ಸಣ್ಣ ಪಿನ್ ಇರುತ್ತೆ. ಅದು ಕರೆಂಟ್ ತರೋದಲ್ಲ. 'ನಾನು ನಿನ್ನದೇ ಚಾರ್ಜರ್, ಇಷ್ಟು ವ್ಯಾಟಿನವನು' ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳೋದು ಅದರ ಕೆಲಸ. ಅದು ಬಾಗಿದರೆ, ಮುರಿದರೆ, ಒಳಗಿನ ವೈರ್ ತುಂಡಾದರೆ ಲ್ಯಾಪ್‌ಟಾಪ್ ಕರೆಂಟಿನ ಮೇಲೆ ಓಡುತ್ತೆ, ಬ್ಯಾಟರಿ ಮಾತ್ರ ತುಂಬಲ್ಲ. ನನ್ನದು ಆಗಿದ್ದು ಇದೇ. ಮೊಬೈಲ್ ಟಾರ್ಚ್ ಬಿಟ್ಟು ಮೂತಿಯೊಳಗೆ ನೋಡಿದರೆ ಪಿನ್ ಒಂದು ಕಡೆ ವಾಲಿ ಮಲಗಿತ್ತು.

ನಡುವೆ ಪಿನ್ ಇಲ್ಲದ ಮೂತಿಯಾದರೆ ವೋಲ್ಟ್ ಅಳೆಯೋ ಮಲ್ಟಿಮೀಟರ್ ಇಟ್ಟು ನೋಡಬಹುದು. ಕೆಂಪು ಕಡ್ಡಿ ಒಳಗೆ, ಕಪ್ಪು ಹೊರಗಿನ ಲೋಹಕ್ಕೆ. ಎರಡೂ ಒಂದಕ್ಕೊಂದು ತಾಗದಿರಲಿ. ಮೀಟರನ್ನ ಡಿಸಿ 20ಕ್ಕೆ ಇಡಬೇಡಿ, 200ಕ್ಕೆ ಇಡಿ. ಅಗ್ಗದ ಮೀಟರ್ 20ರಲ್ಲಿ 19.99ರ ತನಕ ಮಾತ್ರ ತೋರಿಸುತ್ತೆ. ಚಾರ್ಜರ್ 20 ವೋಲ್ಟಿನದಾದರೆ ಬರೀ 1 ಅಂತ ಬಂದು ನಿಲ್ಲುತ್ತೆ, ನೀವು ಒಳ್ಳೇ ಚಾರ್ಜರನ್ನ ಕೆಟ್ಟಿದೆ ಅಂತ ಎಸೀತೀರಿ. ನಡುಪಿನ್ ಇದ್ದರೆ ಈ ಸಾಹಸ ಬೇಡ, ಅದೇ ವೋಲ್ಟು, ಅದೇ ವ್ಯಾಟಿನ ಬೇರೆ ಚಾರ್ಜರ್ ತಂದು ಹಚ್ಚಿ.

ಟೈಪ್-ಸಿ ಆದರೆ ಎರಡೇ ಮಾತು. ಮೊಬೈಲಿನ ಸಣ್ಣ ಚಾರ್ಜರ್ ಸಾಲಲ್ಲ, ಬಹಳಷ್ಟಕ್ಕೆ 65 ವ್ಯಾಟ್ ಬೇಕು. ಇನ್ನು ತೂತಿನಲ್ಲಿ ಧೂಳು ತುಂಬಿರುತ್ತೆ. ನಮ್ಮೂರಿನ ರೈಸ್ ಮಿಲ್ ತೌಡಿನ ಧೂಳು ಎಲ್ಲಿ ಹೋಗಲ್ಲ ಹೇಳಿ! ಲ್ಯಾಪ್‌ಟಾಪ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೀರಿ. ಸೇಫ್ಟಿಪಿನ್ ಬೇಡ.

ನಮ್ಮ ಕಡೆಯದೇ ಒಂದು ಕಾರಣ ಇದೆ, ಬೆಂಗಳೂರಿನವರಿಗೆ ಇದು ಹೊಳೆಯಲ್ಲ. ಬಿಸಿಲು. ಹೋದ ಬೇಸಿಗೆಯಲ್ಲಿ ರಿಟೈರ್ ಆದ ಮಾಸ್ತರೊಬ್ಬರು ಬಂದಿದ್ದರು. "ನೋಡವ್ವಾ, ಮುಂಜಾನೆ ಚಾರ್ಜ್ ಆಕೈತಿ, ಮಧ್ಯಾಹ್ನ ಆಗವಲ್ದು. ದೆವ್ವ ಗಿವ್ವ ಹೊಕ್ಕೈತೇನು?" ಕೇಳಿದರೆ ಮೇಲೆ ತಗಡಿನ ಪತ್ರಾಸ್, ಕೆಳಗೆ ಮಂಚದ ಮೇಲೆ ಕೌದಿ, ಕೌದಿ ಮೇಲೆ ಲ್ಯಾಪ್‌ಟಾಪ್! ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ತಗೊಳ್ಳಲ್ಲ. ಒಳಗಿನ ಸರ್ಕ್ಯೂಟೇ ತಡೆಯುತ್ತೆ, ತಡೆಯೋದು ಒಳ್ಳೇದೇ. ರಾಯಚೂರು ಸೀಮೆಯಲ್ಲಿ ಮೇನಲ್ಲಿ ಹೊರಗೇ 42, 43 ಇರುತ್ತೆ. ಲ್ಯಾಪ್‌ಟಾಪಿನ ಸ್ವಂತ ಬಿಸಿ ಸೇರಿದರೆ 45 ಏನು ದೂರ? ಮಾಸ್ತರರಿಗೆ ಆಫ್ ಮಾಡಿ ಅರ್ಧ ಗಂಟೆ ಫ್ಯಾನ್ ಕೆಳಗೆ ಬರೀ ಬಂಡೆ ಮೇಲೆ ಇಡಿ ಅಂದೆ. ಚಾರ್ಜ್ ಆಯಿತು. ಕೂಲರ್ ಎದುರಿಗೆ ಹಿಡಿಯಬೇಡಿ, ಹಸಿ ಗಾಳಿ ಬರುತ್ತೆ. ಫ್ರಿಜ್ಜಿನಲ್ಲಿ ಇಡೋ ಐಡಿಯಾ ಅಂತೂ ಬೇಡವೇ ಬೇಡ, ಹೊರಗೆ ತೆಗೆದ ಕೂಡಲೇ ಒಳಗೆ ನೀರು ಕೂರುತ್ತೆ.

ಇಷ್ಟಕ್ಕೂ ಬಗ್ಗದಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚೋ ಮಾದರಿಯಾದರೆ ಅದನ್ನೂ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಹಚ್ಚಿ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆಗೆದು, ಬ್ಯಾಟರೀಸ್ ಕೆಳಗೆ 'ಎಸಿಪಿಐ' ಅಂತಿರೋ ಬ್ಯಾಟರಿ ಸಾಲನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಅದು ತಾನೇ ಮತ್ತೆ ಬಂದು ಕೂರುತ್ತೆ.

ಬ್ಯಾಟರಿ ಲೆಕ್ಕ ಈಗ. ಕಮಾಂಡ್ ಪ್ರಾಂಪ್ಟ್ ತೆಗೆದು ಪಿ-ಓ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ ಅಂತ ಒತ್ತಿ, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, 'ಬ್ಯಾಟರಿರಿಪೋರ್ಟ್' ಅಂತ ಇಂಗ್ಲಿಷಿನಲ್ಲಿ ಕೂಡಿಸಿ ಬರೀರಿ. ಒಂದು ಫೈಲ್ ತಯಾರಾಗಿ, ಅದು ಎಲ್ಲಿದೆ ಅಂತ ಅಲ್ಲೇ ತೋರಿಸುತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ಹೊಸದರಲ್ಲಿ 45,000 ಇದ್ದದ್ದು ಈಗ 15,000ಕ್ಕೆ ಇಳಿದಿದ್ದರೆ ಆ ಬ್ಯಾಟರಿ ಸವೆದಿದೆ, ಬದಲಿಸಿ. 38,000 ಇದ್ದರೆ ಅದರ ತಂಟೆಗೆ ಹೋಗಬೇಡಿ, ತಪ್ಪು ಬೇರೆ ಕಡೆ ಇದೆ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಬ್ಯಾಟರಿ ಉಬ್ಬಿದೆ. ಆಗಿಂದಾಗಲೇ ಚಾರ್ಜರ್ ಕೀಳಿ, ಒತ್ತಬೇಡಿ, ಚುಚ್ಚಬೇಡಿ, ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ. ಹೊಸದು ಹಾಕಿಸುವಾಗ ಹಳೇದರ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟ್ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೊಸದರ ಜೊತೆ ತಾಳೆ ನೋಡಿ. ಹಾಕಿದ ಮೇಲೆ ನಿಮ್ಮದೇ ಚಾರ್ಜರ್ ಹಚ್ಚಿಸಿ, ಪರ್ಸೆಂಟ್ ಏರೋದನ್ನ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.