ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಹುದುಗುವಿಕೆ ಕೆಡದಂತೆ ನೋಡಿಕೊಳ್ಳುವ ಕ್ರಮ

ಗೋಬರ್ ಗ್ಯಾಸ್ ಕಟ್ಟಿಸುವವರು ಗುಮ್ಮಟದ ಗಾರೆ, ಪೈಪು, ಒಲೆಗಳ ಬಗ್ಗೆ ವಿಚಾರಿಸುವಷ್ಟು ಒಳಗಿನ ಹುದುಗುವಿಕೆಯ ಬಗ್ಗೆ ವಿಚಾರಿಸುವುದಿಲ್ಲ. ಗಾಳಿಯಾಡದ ಆ ತೊಟ್ಟಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಸೂಕ್ಷ್ಮಜೀವಿಗಳು ದುಡಿಯುತ್ತವೆ: ಒಂದು ಗುಂಪು ಸಗಣಿಯ ನಾರು, ಪಿಷ್ಟಗಳನ್ನು ಒಡೆದು ಆಮ್ಲಗಳನ್ನಾಗಿಸುತ್ತದೆ, ಇನ್ನೊಂದು ಆ ಆಮ್ಲಗಳನ್ನು ಬಳಸಿ ಮೀಥೇನ್ ಅನಿಲವನ್ನು ಬಿಡುತ್ತದೆ. ಮೊದಲನೆಯವು ಗಂಟೆಗಳಲ್ಲಿ ಇಮ್ಮಡಿಸುತ್ತವೆ. ಎರಡನೆಯವಕ್ಕೆ ದಿನಗಳೇ ಹಿಡಿಯುತ್ತವೆ. ಈ ನಿಧಾನದ ಗುಂಪು ಹಿಂದೆ ಬೀಳದಂತೆ ನೋಡಿಕೊಳ್ಳುವುದೇ ಘಟಕದ ನಿರ್ವಹಣೆಯ ತಿರುಳು.

ಮೊದಲು ಸಗಣಿಯ ಲೆಕ್ಕ ಹಾಕಬೇಕು. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕಾಗುವುದರಿಂದ, ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ಘಟಕಕ್ಕೆ ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ನಾಲ್ಕೈದು ದನಗಳಾದರೂ ಇರಬೇಕು. ದೊಡ್ಡ ತೊಟ್ಟಿ ಕಟ್ಟಿ ಅರೆಹೊಟ್ಟೆಗೆ ಉಣಿಸುವುದಕ್ಕಿಂತ ಚಿಕ್ಕದನ್ನೇ ಕಟ್ಟುವುದು ಲೇಸು.

ಸಗಣಿಗೆ ಸಮತೂಕದ ನೀರು ಬೆರೆಸಿ, ಹುಲ್ಲು, ಮರಳು, ಕಲ್ಲುಗಳನ್ನು ತೆಗೆದು ಗಂಟಿಲ್ಲದಂತೆ ಕದಡಬೇಕು. ಬಗ್ಗಡ ತೀರ ತೆಳುವಾದರೆ ಮರಳು ತಳಕ್ಕಿಳಿದು ಹುಲ್ಲು ಮೇಲೆ ಕೆನೆಗಟ್ಟುತ್ತದೆ. ಮೊದಲ ಬಾರಿ ತುಂಬುವಾಗ, ಹಾಲಿಗೆ ಹೆಪ್ಪು ಹಾಕುವಂತೆ, ಚೆನ್ನಾಗಿ ನಡೆಯುತ್ತಿರುವ ಬೇರೊಂದು ಘಟಕದಿಂದ ಹತ್ತರಲ್ಲಿ ಒಂದು ಪಾಲು ಬಗ್ಗಡ ತಂದು ಬೆರೆಸಿದರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ದನದ ಹೊಟ್ಟೆಯಿಂದಲೇ ಈ ಜೀವಿಗಳು ಬರುವುದರಿಂದ ಬರಿಯ ಸಗಣಿಯೂ ಕೊನೆಗೆ ಹುದುಗುತ್ತದೆ, ತಡವಾಗುತ್ತದೆ, ಅಷ್ಟೆ.

ಆರಂಭದ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಒಳಗುಳಿದ ಗಾಳಿ ಹೆಚ್ಚಾಗಿರುವ ಕಾರಣ ಅದು ಉರಿಯುವುದಿಲ್ಲ. ಅದನ್ನು ಬಯಲಿಗೆ ಬಿಟ್ಟು, ಮತ್ತೆ ಒತ್ತಡ ತುಂಬಿದ ಮೇಲೆ ಒಲೆಯಲ್ಲಿ ಮಾತ್ರ ಹೊತ್ತಿಸಿ ನೋಡಬೇಕು. ಗುಮ್ಮಟದ ಬಾಯಲ್ಲಿ ಕಡ್ಡಿ ಗೀರುವುದು ಅಪಾಯ, ಏಕೆಂದರೆ ಗಾಳಿಯೊಡನೆ ಬೆರೆತ ಮೀಥೇನ್ ಸ್ಫೋಟಿಸಬಲ್ಲದು. ನೀಲಿ ಜ್ವಾಲೆ ನಿಂತು ಉರಿದರೆ ಎರಡನೆಯ ಗುಂಪು ನೆಲೆಯೂರಿದೆ ಎಂದರ್ಥ.

ಅಲ್ಲಿಂದ ಮುಂದೆ ದಿನವೂ ಒಂದೇ ಪ್ರಮಾಣದಲ್ಲಿ ಉಣಿಸಬೇಕು. ಮದುವೆಮನೆಯಲ್ಲಿ ಉಳಿದ ಅನ್ನವನ್ನೆಲ್ಲ ಒಮ್ಮೆಲೇ ಸುರಿದರೆ ಆಮ್ಲ ಮಾಡುವ ಗುಂಪು ಅದನ್ನು ಬೇಗನೆ ಮುಗಿಸುತ್ತದೆ, ಆದರೆ ಆ ಆಮ್ಲವನ್ನು ಕರಗಿಸಲು ಇನ್ನೊಂದಕ್ಕೆ ಸಾಧ್ಯವಾಗದೆ ತೊಟ್ಟಿ ಹುಳಿಯಾಗುತ್ತದೆ. ಹುಳಿಯ ಪ್ರಮಾಣವನ್ನು ತೋರಿಸುವ ಪಿಎಚ್ ಮಟ್ಟ (ಇದು ಇಳಿದಷ್ಟೂ ಹುಳಿ ಹೆಚ್ಚು) 6.8ರಿಂದ 7.2ರ ಆಸುಪಾಸಿನಲ್ಲಿದ್ದರೆ ಕ್ಷೇಮ. ಲಿಟ್ಮಸ್‌ಗಿಂತ ಪಿಎಚ್ ಕಾಗದವೇ ಇದಕ್ಕೆ ಸರಿಯಾದ ಸಾಧನ. ಹುಳಿ ವಾಸನೆ ಬಂದು ಜ್ವಾಲೆ ಕುಂದಿದರೆ ಕೆಲವು ದಿನ ಉಣಿಸುವುದನ್ನು ನಿಲ್ಲಿಸಿ, ಒಳ್ಳೆಯ ಘಟಕದ ಬಗ್ಗಡವನ್ನು ಸೇರಿಸಬೇಕು. ಸುಣ್ಣದ ತಿಳಿಯನ್ನೂ ಹಾಕಬಹುದು, ಆದರೆ ಸ್ವಲ್ಪ ಸ್ವಲ್ಪವೇ. ಫಿನಾಯಿಲ್, ಸೋಪಿನ ನೀರು, ಆಂಟಿಬಯಾಟಿಕ್ ಚುಚ್ಚಿಸಿಕೊಂಡ ದನದ ಸಗಣಿ ತೊಟ್ಟಿಗೆ ಬೀಳಬಾರದು.

ಮೀಥೇನ್ ಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಬಿಸುಪು ಹಿತ. ಚಳಿಗಾಲದಲ್ಲಿ ಅನಿಲ ಕಡಿಮೆಯಾದಾಗ ಹೆಚ್ಚು ಸಗಣಿ ಹಾಕುವುದು ತಪ್ಪು ಉಪಾಯ; ಬಿಸಿಲಿನಲ್ಲಿ ಕಾಯಿಸಿದ ನೀರಿನಿಂದ ಕದಡುವುದು ಮೇಲು.

ಕೆನೆ ಒಡೆಯಲೆಂದೋ ಹೂಳು ತೆಗೆಯಲೆಂದೋ ಯಾರೂ ತೊಟ್ಟಿಗೆ ಇಳಿಯಕೂಡದು. ಅಲ್ಲಿ ಉಸಿರಾಡಲು ಆಮ್ಲಜನಕವಿರುವುದಿಲ್ಲ, ಜೊತೆಗೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಉದ್ದನೆಯ ಬಿದಿರಿನಿಂದ ಹೊರಗಿನಿಂದಲೇ ಕಲಕಬೇಕು. ಅದರಿಂದ ಸರಿಹೋಗದಿದ್ದರೆ ಸೂಕ್ತ ಸಲಕರಣೆಗಳಿರುವ ತಜ್ಞರನ್ನು ಕರೆಸಬೇಕು.