ಟಿಬಿ ಇರುವವರಿಗೆ ನುಂಗಲು ಕಷ್ಟವೇ? ಊಟ, ಮಾತ್ರೆ ಕೊಡುವುದು ಹೀಗೆ

ಟಿಬಿ ಅಂದರೆ ಕೆಮ್ಮು, ಜ್ವರ, ತೂಕ ಇಳಿಯುವುದು ಅಂತ ಎಲ್ಲರಿಗೂ ಗೊತ್ತು. ಅಪರೂಪಕ್ಕೆ ಕೆಲವರಿಗೆ ತುತ್ತು ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎದೆಯೊಳಗಿನ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಊದಿ ಅನ್ನನಾಳವನ್ನು ಒತ್ತುವುದೇ ಹೆಚ್ಚಾಗಿ ಕಾರಣ. ಅನ್ನನಾಳದ ಒಳಗೇ ಹುಣ್ಣಾಗುವುದೂ ಉಂಟು. ಇದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಮನೆಯವರು ಸುಮ್ನೆ ಸಿರಪ್ ಕುಡಿಸುತ್ತಾ ಕೂರುವುದನ್ನು ನೋಡಿದ್ದೇನೆ.

ಮೊದಲು, ಏನು ಇಳಿಯುತ್ತಿಲ್ಲ ಎಂದು ಗಮನಿಸಿ. ಚಪಾತಿ, ಅನ್ನ ಸಿಕ್ಕಿಕೊಂಡು ನೀರು ಇಳಿದರೆ ನಾಳ ಕಿರಿದಾಗಿರಬಹುದು. ನೀರು ಕುಡಿದ ಕೂಡಲೇ ಕೆಮ್ಮು ಬಂದರೆ ಅನ್ನನಾಳಕ್ಕೂ ಉಸಿರುನಾಳಕ್ಕೂ ನಡುವೆ ತೂತು ಬಿದ್ದಿರುವ ಸಾಧ್ಯತೆ ಇದೆ. ಆಗ ಬಾಯಿಗೆ ಏನೂ ಹಾಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರು ಹೇಳುತ್ತಾರೆ.

ಜನ ಎಡವುವುದು ಊಟ ಕೊಡುವಾಗ. ಮಲಗಿದವರ ಬಾಯಿಗೆ ಗಂಜಿ ಸುರಿಯುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ. ರೋಗಿಯನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ. ಟೀ ಚಮಚದಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಿ. ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ಚಮಚ. ತಿನ್ನುವಾಗ ಮಾತಾಡಿಸಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಸ್ವಲ್ಪ ಸ್ವಲ್ಪವಾಗಿ ಆರು ಸಲ ಕೊಡಿ. ರಾಗಿ ಗಂಜಿಗೆ ಹಾಲು, ನುಣ್ಣಗೆ ಮಸೆದ ಬೇಳೆ, ಮೊಸರನ್ನ ನನ್ನ ಮೊದಲ ಆಯ್ಕೆ. ಮೊಟ್ಟೆ ತಿನ್ನುವವರಿಗೆ ಚೆನ್ನಾಗಿ ಬೇಯಿಸಿ, ಗಂಜಿಯಲ್ಲಿ ಮಸೆದು ಕೊಡಿ. ಖಾರ, ಹುಳಿ ಬೇಡ, ಉರಿಯುತ್ತದೆ. ಜಾಹೀರಾತಿನ ಸಿಹಿ ಪುಡಿಗಳಿಗೆ ದುಡ್ಡು ಹಾಕಬೇಡಿ, ಅದರಲ್ಲಿ ಸಕ್ಕರೆಯೇ ಜಾಸ್ತಿ.

ಮಾತ್ರೆ ಇನ್ನೊಂದು ತಲೆನೋವು. 50ರಿಂದ 64 ಕೆಜಿ ತೂಕದವರಿಗೆ ದಿನಕ್ಕೆ 4 ದೊಡ್ಡ ಮಾತ್ರೆ. ಒಂದೊಂದಾಗಿ ಕೊಡಿ. ಇಳಿಯದಿದ್ದರೆ ನೀವೇ ಪುಡಿ ಮಾಡಿ ಜೇನಿಗೆ ಕಲಸುವ ಸುಲಭದ ದಾರಿ ಹಿಡಿಯಬೇಡಿ, ಔಷಧ ಮೈಗೆ ಹಿಡಿಯುವುದು ಕಡಿಮೆಯಾಗಬಹುದು. ನೀರಿನಲ್ಲಿ ಕರಗುವ ಮಾತ್ರೆಗಳೂ ಇವೆ. ಅವುಗಳನ್ನು ಮಕ್ಕಳಿಗಾಗಿ ಮಾಡಿರುವುದು. ನಿಮ್ಮವರಿಗೆ ಆಗುತ್ತದೆಯೇ ಎಂದು ಕೇಳಿ. ಊಟ, ಔಷಧ ಕೊಡಲು ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಬೇಕಾಗಿ ಬಂದರೂ ಹೆದರಬೇಡಿ.

ಚಿಕಿತ್ಸೆ ಶುರುವಾದ ಮೇಲೂ ಕೆಲವರಿಗೆ ಗ್ರಂಥಿ ಕೆಲಕಾಲ ಇನ್ನಷ್ಟು ಊದುತ್ತದೆ. ಔಷಧ ಹಿಡಿಯುತ್ತಿಲ್ಲ ಅಂತ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಸಾಮಾನ್ಯವಾಗಿ ಕೋರ್ಸ್ 6 ತಿಂಗಳು, ಕೆಲವರಿಗೆ ಜಾಸ್ತಿ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ಇರುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಹೆಸರು ನೋಂದಾಯಿಸಲು ಮರೆಯಬೇಡಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಮುಂದಿನ ಭೇಟಿಗೆ ಆ ಚೀಟಿಯನ್ನೂ ಒಯ್ಯಿರಿ.